‘ಬಂಗಾರದ ಮನುಷ್ಯ’: ತೆರೆಯ ಮೇಲಿನ ಬೇಸಾಯ ಮತ್ತು ಬೆಂಗಳೂರು ಗ್ರಾಮಾಂತರದ ನೆಲ

1972ರ ಮಾರ್ಚ್ 31ರಂದು ತೆರೆಕಂಡ ‘ಬಂಗಾರದ ಮನುಷ್ಯ’ವನ್ನು ಕುರಿತ ಬರಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಆ ಚಿತ್ರವನ್ನು ನೋಡಿದ ಎಷ್ಟೋ ಮಂದಿ ವಿದ್ಯಾವಂತ ತರುಣರು ಪಟ್ಟಣದ ನೌಕರಿಯ ಆಸೆ ತೊರೆದು ಹಳ್ಳಿಗೆ ಮರಳಿ ಬೇಸಾಯಕ್ಕೆ ತೊಡಗಿದರು ಎಂಬುದು. ಈ ಮಾತು ಈಗ ಪ್ರತೀತಿಯ ಸ್ವರೂಪವನ್ನು ಪಡೆದಿದೆ. ಹಾಗೆ ಮರಳಿದವರನ್ನು ಎಣಿಸಹೊರಡುವುದಕ್ಕಿಂತ, ಸಮುದಾಯವೊಂದು ಇಂಥ ಪ್ರತೀತಿಯನ್ನು ಐದು ದಶಕಗಳ ಕಾಲ ಏಕೆ ಕಾಪಾಡಿಕೊಂಡು ಬಂದಿತು ಎಂದು ಕೇಳುವುದು ವಿಮರ್ಶೆಗೆ ಹೆಚ್ಚು ಉಪಯುಕ್ತ. ರಾಜಧಾನಿಯ ಅಂಚಿನಲ್ಲೇ ಇದ್ದು ಬೇಸಾಯವನ್ನು ನಂಬಿ ಬಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನೆಲ.

ಟಿ. ಕೆ. ರಾಮರಾಯರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿತೆಂಬುದು ಪ್ರಸಿದ್ಧ. ಚಿತ್ರ ತೆರೆಗೆ ಬಂದಾಗ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ‘ಕರ್ನಾಟಕ’ವೆಂಬ ನಾಮಕರಣವಾದದ್ದು 1973ರ ನವೆಂಬರ್ 1ರಂದು. ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿ ಹತ್ತಾರು ದಿನಗಳಷ್ಟೇ ಕಳೆದಿದ್ದವು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಗಿ ಎಂಟು ವರ್ಷ ತುಂಬುತ್ತಿತ್ತು. ಕುಟುಂಬದಲ್ಲಿ ಮೊದಲ ಬಾರಿಗೆ ಓದು ಕಲಿತ ತಲೆಮಾರೊಂದು ಪದವಿ ಹಿಡಿದು ಕೆಲಸಕ್ಕಾಗಿ ಅಲೆಯುತ್ತಿದ್ದ ಕಾಲವದು. ಓದಿಯೂ ಊರಿಗೆ ಹಿಂದಿರುಗುವುದು ಸೋಲಿನ ಗುರುತಾಗಿತ್ತು.

ಚಿತ್ರದ ರಾಜೀವ ಈ ತಲೆಮಾರಿನವನೇ. ಅಕ್ಕನ ಮನೆಗೆಂದು ಬಂದವನು ಭಾವನ ಅಕಾಲ ಮರಣದಿಂದ ಅಲ್ಲಿಯೇ ನಿಲ್ಲುತ್ತಾನೆ. ಅಕ್ಕನ ಮಕ್ಕಳನ್ನು ಸಾಕುವ ಹೊಣೆ ಹೊತ್ತು, ಬಂಡೆ ತುಂಬಿದ ಬಂಜರನ್ನು ಹದಕ್ಕೆ ತರುತ್ತಾನೆ. ಕನ್ನಡ ಪ್ರೇಕ್ಷಕನಿಗೆ ಈ ಪಾತ್ರ ಬರಿಯ ಪಾತ್ರವಾಗಿ ಕಾಣದಿರಲು ರಾಜಕುಮಾರ್ ಅವರ ಹಿಂದಿನ ಭೂಮಿಕೆಗಳೂ ಕಾರಣ. 1954ರ ‘ಬೇಡರ ಕಣ್ಣಪ್ಪ’ದಿಂದ ತೊಡಗಿ ‘ಭಕ್ತ ಕನಕದಾಸ’, ‘ಮಹಾತ್ಮ ಕಬೀರ್’ಗಳವರೆಗೆ ಸಂತರ, ಭಕ್ತರ ಪಾತ್ರಗಳಲ್ಲಿ ಅವರನ್ನು ಕಂಡಿದ್ದ ಜನ, ಅದೇ ಮುಖವನ್ನು ಈಗ ಉತ್ತು ಬಿತ್ತುವ ಒಕ್ಕಲಿನಲ್ಲಿ ಕಂಡರು. ಭಕ್ತಿಯ ಪಾವಿತ್ರ್ಯ ದುಡಿಮೆಗೆ ದಾಟಿತು. ಬಂಡೆಗಳ ನಡುವಿನ ದುಡಿಮೆಯ ಹಾಡಿನಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬರುವುದೂ ಗಮನಾರ್ಹ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಪ್ರೇಕ್ಷಕರಿಗೆ ಅವರು ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯವರು, ನೆರೆಸೀಮೆಯ ಮನೆಮಗ.

ಚಿತ್ರದ ಪ್ರಭಾವವನ್ನು ವಿವರಿಸುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಾಜೀವನ ಪತ್ನಿ ಲಕ್ಷ್ಮಿ ದುರಂತಕ್ಕೀಡಾಗುತ್ತಾಳೆ. ಅವನು ಸಾಕಿ ಓದಿಸಿದ ಅಕ್ಕನ ಮಗನೇ ಅವನ ನಡತೆಯನ್ನೂ ಲೆಕ್ಕವನ್ನೂ ಶಂಕಿಸುತ್ತಾನೆ. ರಾಜೀವ ತನ್ನನ್ನು ಸಮರ್ಥಿಸಿಕೊಳ್ಳದೆ ಮನೆ ತೊರೆದು ನಡೆಯುತ್ತಾನೆ. ನಿಜ ತಿಳಿದು ಮನೆಯವರು ಪರಿತಪಿಸುವ ಹೊತ್ತಿಗೆ ಅವನು ದೂರ ಸಾಗಿಹೋಗಿರುತ್ತಾನೆ. ಹಳೆ ಮೈಸೂರಿನ ಒಕ್ಕಲು ಮನೆಗಳಲ್ಲಿ ಸೋದರಮಾವನ ಸ್ಥಾನ ದೊಡ್ಡದು. ಮದುವೆ ಮುಂಜಿಗಳಲ್ಲಿ ಅವನಿಲ್ಲದೆ ಶಾಸ್ತ್ರ ಸಾಗದು. ಆದರೆ ಅಕ್ಕನ ಮನೆಯ ಆಸ್ತಿಯಲ್ಲಿ ಅವನಿಗೆ ಪಾಲಿಲ್ಲ. ಮನೆಯನ್ನು ಕಟ್ಟಿದವನೇ ಆ ಮನೆಯಲ್ಲಿ ಹಕ್ಕಿಲ್ಲದವನಾಗಿ ನಿಲ್ಲುವ ಈ ಸಂದಿಗ್ಧವೇ ಚಿತ್ರದ ತಿರುಳು. ಪಾಲುಪಾರಿಕತ್ತಿನ ಕಹಿಯನ್ನು ಉಂಡ ಕುಟುಂಬಗಳು ಆ ಕೊನೆಯ ನಡಿಗೆಯಲ್ಲಿ ತಮ್ಮ ಮನೆಯ ಯಾರನ್ನೋ ಗುರುತಿಸಿಕೊಂಡಿದ್ದರೆ ಅಚ್ಚರಿಯಿಲ್ಲ. ಪ್ರೇಕ್ಷಕ ಚಿತ್ರದ ಪೂರ್ವಾರ್ಧದಿಂದ ಹುಮ್ಮಸ್ಸನ್ನು ಪಡೆದ. ಉತ್ತರಾರ್ಧವನ್ನು ಕಣ್ಣೀರಿನಲ್ಲಿ ಕಳೆದ. ಉತ್ತರಾರ್ಧ ಎತ್ತಿದ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು: ದುಡಿದವನಿಗೂ ನೆಲಕ್ಕೂ ಇರುವ ಸಂಬಂಧವನ್ನು ಯಾರು ಒಪ್ಪಬೇಕು?

ಇದೇ ಪ್ರಶ್ನೆಯನ್ನು ಕುಟುಂಬದ ಆಚೆಗೆ ಒಯ್ದದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ. ‘ಉಳುವವನೇ ಹೊಲದೊಡೆಯ’ ಎಂಬ ತತ್ತ್ವ ಗೇಣಿದಾರನ ಹಕ್ಕನ್ನು ಎತ್ತಿಹಿಡಿಯಿತು. ಇಲ್ಲಿ ಚಿತ್ರದ ಮಿತಿಯನ್ನೂ ಹೇಳಬೇಕಾಗುತ್ತದೆ. ಅದು ಮುಖ್ಯವಾಗಿ ಹಿಡುವಳಿಯುಳ್ಳ ಕುಟುಂಬದ ಕಥೆ. ಹಳ್ಳಿಗೆ ಮರಳುವ ಆಯ್ಕೆ, ಮರಳಿ ಉಳಲು ನೆಲವುಳ್ಳವರಿಗಷ್ಟೇ ಇತ್ತು. ಭೂಹೀನ ದಲಿತ ಕುಟುಂಬದಿಂದ ಓದಿ ಬಂದ ತರುಣನಿಗೆ ಹಳ್ಳಿಯೆಂದರೆ ಕೂಲಿಯ ನೆನಪು. ಪಟ್ಟಣದ ನೌಕರಿಯೇ ಅವನ ಬಿಡುಗಡೆ. ಬಂಜರನ್ನು ಬಂಗಾರ ಮಾಡುವ ಕೆಲಸದಲ್ಲಿ ಕಳೆ ಕಿತ್ತ, ನಾಟಿ ಮಾಡಿದ ಹೆಣ್ಣುಮಕ್ಕಳ ಪಾಲು ಶೀರ್ಷಿಕೆಯಲ್ಲಿ ಎಲ್ಲಿಯೂ ಕಾಣದು. ಆದ್ದರಿಂದ ‘ತರುಣರು ಹಳ್ಳಿಗೆ ಮರಳಿದರು’ ಎಂಬ ವಾಕ್ಯದ ‘ತರುಣರು’ ಯಾರು ಎಂಬುದನ್ನು ಸಂಶೋಧಕರು ಬಿಡಿಸಿ ನೋಡಬೇಕು.

ಚಿತ್ರ ಬಂದಂದಿನಿಂದ ಈ ಸೀಮೆ ಸಾಗಿಬಂದ ದಾರಿ ಚಿತ್ರದ ಎರಡು ಭಾಗಗಳನ್ನೂ ನೆನಪಿಗೆ ತರುತ್ತದೆ. ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿಗಳು ನಂದಿಯ ಸುತ್ತಿನಲ್ಲಿ ಹುಟ್ಟಿ ಇತ್ತ ಹರಿದರೂ ಇಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಕೆರೆ, ಬಾವಿ, ಅನಂತರ ಕೊಳವೆಬಾವಿಗಳ ಆಶ್ರಯದಲ್ಲಿ ಇಲ್ಲಿನ ರೈತರು ರಾಗಿಯ ಜೊತೆಗೆ ನೀಲಿ ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿಗಳನ್ನು ಬೆಳೆದರು. ದೇವನಹಳ್ಳಿಯ ಚಕ್ಕೋತ ಹೆಸರಾಯಿತು. ಛಲದ ಬೇಸಾಯವೆಂಬ ರಾಜೀವನ ಆದರ್ಶ ಇಲ್ಲಿ ಸಾಧ್ಯವೆಂದು ತೋರಿತು. ಮುಂದೆ ಅಂತರ್ಜಲ ಪಾತಾಳಕ್ಕಿಳಿಯಿತು, ನೆಲದ ಬೆಲೆ ಮುಗಿಲಿಗೇರಿತು. ಸುಮಾರು ನಾಲ್ಕು ಸಾವಿರ ಎಕರೆಯ ವಿಮಾನ ನಿಲ್ದಾಣ 2008ರ ಮೇ 24ರಂದು ಕಾರ್ಯಾರಂಭ ಮಾಡಿತು. 1974ರ ಕಾನೂನು ಗೇಣಿದಾರನಿಗೆ ನೆಲ ಕೊಡಿಸಿದ್ದರೆ, 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು ತೆಗೆಯಿತು. ದುಡಿಮೆಯ ನೆನಪಿಲ್ಲದ ಕೈಗೆ ನೆಲ ಸೇರುವುದನ್ನು ಚಿತ್ರ ಒಂದು ಮನೆಯೊಳಗೆ ತೋರಿತ್ತು. ಇಲ್ಲಿ ಅದು ಊರೂರುಗಳ ಅನುಭವವಾಯಿತು.

ಈ ಹಿನ್ನೆಲೆಯಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೋರಾಟಕ್ಕೆ ಮಹತ್ವವಿದೆ. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವುದರ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು; ನಟ ಪ್ರಕಾಶ್ ರಾಜ್ ಅವರ ಪರ ನಿಂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಈ ಹೋರಾಟವನ್ನು ಒಂದು ಚಲನಚಿತ್ರದ ಫಲವೆನ್ನುವುದು ಅವಿವೇಕ. ಆದರೆ ಬೇಸಾಯವನ್ನು ನಷ್ಟದ ಬಾಬತ್ತು ಎಂದಷ್ಟೇ ಎಣಿಸುವ ಲೆಕ್ಕಾಚಾರದ ಎದುರು, ಅದು ಮಾನದ ಬದುಕು ಎಂದು ಹೇಳಲು ಬೇಕಾದ ಭಾಷೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಗಾದೆ, ಹಾಡು, ಹರಿಕಥೆ, ರೈತ ಚಳವಳಿಗಳ ಜೊತೆಯಲ್ಲಿ ಜನಪ್ರಿಯ ಸಿನಿಮಾ ಕೂಡ ಆ ಭಾಷೆಯನ್ನು ಕಟ್ಟಿದೆ. ಅದರಲ್ಲಿ ‘ಬಂಗಾರದ ಮನುಷ್ಯ’ದ ಪಾಲು ಸಣ್ಣದಲ್ಲ.

ಹೀಗೆ ನೋಡಿದಾಗ ಚಿತ್ರವೊಂದು ಬದುಕನ್ನು ತಿದ್ದುವ ಬಗೆ ನೇರ ಅನುಕರಣೆಯದಾಗಿಯೇ ಇರಬೇಕಿಲ್ಲ. ನೌಕರಿ ಬಿಟ್ಟು ನೇಗಿಲು ಹಿಡಿದವರು ಎಷ್ಟೇ ಇರಲಿ, ಮೊದಲಿನಿಂದಲೂ ಹಳ್ಳಿಯಲ್ಲೇ ಉಳಿದು ದುಡಿಯುತ್ತಿದ್ದವರಿಗೆ ತಮ್ಮ ಕೆಲಸ ತಲೆಯೆತ್ತಿ ಹೇಳಿಕೊಳ್ಳಬಹುದಾದದ್ದು ಎಂಬ ಭರವಸೆಯನ್ನು ಅದು ಕೊಟ್ಟಿತು. ಪ್ರತೀತಿ ಬದುಕಿರುವುದು ಆ ಭರವಸೆಯ ಬಲದಿಂದ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಹೆಸರಿಸಲು ತೀರ್ಮಾನಿಸಿತು. ಜಿಲ್ಲೆಯ ಹೆಸರಿನಿಂದಲೇ ‘ಗ್ರಾಮ’ ಸರಿಯಹೊರಟಿರುವ ಈ ಸಂದರ್ಭದಲ್ಲಿ, ಮರಳಿದವರ ಪ್ರತೀತಿಯ ಜೊತೆಗೆ, ಮನೆ ತೊರೆದು ನಡೆದ ರಾಜೀವನ ಪ್ರಶ್ನೆಯನ್ನೂ ಕನ್ನಡ ಸಂಸ್ಕೃತಿ ಅಧ್ಯಯನ ಕೈಗೆತ್ತಿಕೊಳ್ಳಬೇಕಾಗಿದೆ.