ಪೀಪಾಯಿಯ ಪಕ್ಕ ಯಾರು ಕೂತಿದ್ದರು?

ಒಂದು ಹಳೇ ಅಮೆರಿಕನ್ ವಿಸ್ಕಿ ಜಾಹೀರಾತನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಪ್ಪು-ಬಿಳುಪು ಫೋಟೊ. ಕೆಲಸದ ಬಟ್ಟೆ ತೊಟ್ಟ ಮುದುಕರು, ಓಕ್ ಮರದ ಪೀಪಾಯಿಗಳು, ಇದ್ದಿಲಿಗಾಗಿ ಸುಡುತ್ತಿರುವ ಮೇಪಲ್ ಸೌದೆ. ಯಾರಿಗೂ ಅವಸರವಿಲ್ಲ. ಊರು ಟೆನೆಸ್ಸೀಯ ಲಿಂಚ್‌ಬರ್ಗ್, ಜನಸಂಖ್ಯೆ 361. ಜ್ಯಾಕ್ ಡೇನಿಯಲ್ಸ್ ಕಂಪನಿ 1950ರ ದಶಕದಿಂದ ಪತ್ರಿಕೆಗಳಲ್ಲಿ ಹಾಕಿಸುತ್ತ ಬಂದದ್ದು ಇಂಥವನ್ನೇ. ಕುಡಿತದ ಗಂಧಗಾಳಿ ಇಲ್ಲದ ನನಗೂ ಆ ಜಗಲಿ ಮೇಲೆ ಒಂದು ಗಳಿಗೆ ಕೂರೋಣ ಅನ್ನಿಸುತ್ತೆ. ಚೆನ್ನಾಗಿ ಮಾಡಿದ್ದಾರೆ, ಒಪ್ಪಬೇಕು.

ಇದರ ಬೇರು ಇನ್ನೂ ಹಿಂದಿದೆ. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಇತ್ತಲ್ಲ, ಅದು ತೆರವಾದಾಗ ವರ್ಷಗಟ್ಟಲೆ ಮಾಗಿದ ದಾಸ್ತಾನು ಕಡಿಮೆ. ಸರಕಿಗೆ ಇಲ್ಲದ ವಯಸ್ಸನ್ನು ಚಿತ್ರವೇ ಕೊಡಬೇಕಾಯಿತು ಅಂತ ನನ್ನ ಲೆಕ್ಕ: ಮರದ ದಿಮ್ಮಿಯ ಗುಡಿಸಲು, ತಾಮ್ರದ ಭಟ್ಟಿ, ಗಡ್ಡದ ಅಜ್ಜ. ಮೇಲಾಗಿ ತಯಾರಕರು 1936ರಲ್ಲಿ ರೇಡಿಯೊದಿಂದ, 1948ರಲ್ಲಿ ಟಿವಿಯಿಂದ ದೂರ ಉಳಿಯಲು ತಾವಾಗೇ ಒಪ್ಪಿಕೊಂಡರು. ಭಾರವೆಲ್ಲ ಅಚ್ಚಿನ ಹಾಳೆಯ ಮೇಲೆ ಬಿತ್ತು.

ಉರ್ದು ಗಜಲ್ ಓದಿದವರಿಗೆ ಸಾಕಿ, ಮೈಖಾನಾ ಹೊಸದಲ್ಲ. ಅಲ್ಲಿ ಶರಾಬು ಎಷ್ಟೋ ಸಲ ನೆಪ, ಹೇಳೋದು ಬೇರೆಯೇ ಇರುತ್ತೆ. ಇಲ್ಲಿ ಉಲ್ಟಾ. ಹಳ್ಳಿ, ಅಜ್ಜ, ನಿಧಾನ ಎಲ್ಲ ನೆಪ. ಬಾಟಲಿ ಒಂದೇ ನಿಜ. ತಮಾಷೆ ನೋಡಿ, ಲಿಂಚ್‌ಬರ್ಗ್ ಇರುವ ಮೂರ್ ಕೌಂಟಿಯಲ್ಲಿ ಮದ್ಯ ಮಾರುವಂತಿರಲಿಲ್ಲ. ಆ ಅಜ್ಜ ತಾನು ಕಾಯಿಸಿದ್ದನ್ನೇ ತನ್ನೂರ ಅಂಗಡಿಯಲ್ಲಿ ಕೊಳ್ಳಲಾರ!

ತಮಾಷೆ ಅಲ್ಲದ್ದೂ ಇದೆ. ಕಾಡು ಕಡಿದು ಪಶ್ಚಿಮಕ್ಕೆ ಸಾಗಿದವರ ಸಾಹಸ ತೋರಿಸಿ ವಿಸ್ಕಿ ಮಾರಿದ ದೇಶದಲ್ಲಿ, ಆ ಕಾಡಿನ ಮೂಲನಿವಾಸಿಗಳಿಗೆ ಮದ್ಯ ಮಾರುವುದು 1953ರವರೆಗೂ ಫೆಡರಲ್ ಕಾನೂನಿನಡಿ ಅಪರಾಧ. ಚಿತ್ರ ಇದನ್ನು ಹೇಳೋದಿಲ್ಲ.

ನನ್ನನ್ನು ಹೆಚ್ಚು ಕಾಡೋದು ನಿಯರೆಸ್ಟ್ ಗ್ರೀನ್. ಗುಲಾಮಗಿರಿಯಲ್ಲಿದ್ದ ಕಪ್ಪು ಮನುಷ್ಯ. ಡ್ಯಾನ್ ಕಾಲ್ ಎಂಬ ಪಾದ್ರಿಯ ಜಮೀನಿನಲ್ಲಿ ಹುಡುಗ ಜ್ಯಾಕ್‌ಗೆ ಭಟ್ಟಿ ಇಳಿಸುವ ವಿದ್ಯೆ ಕಲಿಸಿದ ಉಸ್ತಾದ. 1967ರಲ್ಲಿ ಬಂದ ಜ್ಯಾಕ್‌ನ ಜೀವನಚರಿತ್ರೆಯಲ್ಲಿ ಅವನ ಹೆಸರಿತ್ತು. ಕಂಪನಿ ಗಟ್ಟಿ ದನಿಯಲ್ಲಿ ಹೇಳಿದ್ದು ಮಾತ್ರ 2016ರಲ್ಲಿ. ಅಷ್ಟು ವರ್ಷ "ನಮ್ಮ ಹಳೇ ಕಾಲ" ಅಂತ ಮಾರಿದವರಿಗೆ ಆ ಕಾಲದ ಗುರುವಿನ ಹೆಸರು ಬೇಕಾಗಲಿಲ್ಲ. ದಿನಾ ಪಾಠ ಹೇಳೋ ನನಗೆ ಇದು ಚುಚ್ಚುತ್ತೆ.

ಜ್ಯಾಕ್ ತನ್ನ ಕೆಲಸಗಾರರ ಜೊತೆ ತೆಗೆಸಿಕೊಂಡ ಹಳೇ ಫೋಟೊ ಒಂದಿದೆ. ಅವನ ಪಕ್ಕದಲ್ಲೇ ಟೋಪಿ ಹಾಕಿದ ಕಪ್ಪು ಮನುಷ್ಯನೊಬ್ಬ ಕೂತಿದ್ದಾನೆ. ಗ್ರೀನ್‌ನ ಮಗ ಜಾರ್ಜ್ ಇರಬೇಕು ಅಂತಾರೆ. ಮುಂದೆ ಯಾವಾಗಲಾದರೂ ಆ ಜಗಲಿಯ ಜಾಹೀರಾತು ಕಂಡರೆ, ಈ ಫೋಟೊವನ್ನೂ ಹುಡುಕಿ ಪಕ್ಕದಲ್ಲಿಟ್ಟು ನೋಡಿ.