ನಾಯಿಯ ಕಲ್ಲು, ಅವ್ವನ ಪ್ರಶ್ನೆ
ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಅದರ ಸಂಗ್ರಹದಲ್ಲಿ ಮಂಡ್ಯ ಸೀಮೆಯ ಆತಕೂರಿನ ಕಲ್ಲೊಂದಿದೆ, ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ, ಗಂಗರ ಬೂತುಗನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ ಸತ್ತಿತು. ಗುಡಿಯ ಮುಂದೆ ಅದಕ್ಕೊಂದು ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಈ ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಪಾಪ ತಟ್ಟುತ್ತದೆಂದೂ ಬರೆಸಿದರು.

ಪ್ರಾಣಿಪ್ರೀತಿ ಅಂತ ಇದನ್ನು ಮೆಚ್ಚೋಣ. ನಾಯಿ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಕತೆ ಹೇಳಿದಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: 'ನಾಯಿ ಕಲ್ಲು ಗುಡಿ ಮುಂದೆ ಇತ್ತಲ್ಲಪ್ಪಾ, ಆಗ ನಮ್ಮೋರು ಎಲ್ಲಿ ನಿಂತಿದ್ರು?'

ಶಾಸನದಲ್ಲಿ ಇದಕ್ಕೆ ಉತ್ತರವಿಲ್ಲ. ಕಲ್ಲು ನೆಡಿಸುವ ಶಕ್ತಿ ಇದ್ದವರ ನೆನಪು ಮಾತ್ರ ಕಲ್ಲಾಗಿ ಉಳಿಯಿತು. ಅಷ್ಟನ್ನೇ ಗಾಜಿನ ಮನೆಯಲ್ಲಿಟ್ಟು ನಾಡಿನ ಇತಿಹಾಸ ಅಂದರೆ, ಆಗ ಹೊರಗೆ ನಿಂತವರನ್ನು ಇನ್ನೊಂದು ಸಲ ಹೊರಗೆ ನಿಲ್ಲಿಸಿದಂತೆ. ನಮ್ಮ ಸಂಶೋಧಕರು ಶಾಸನದ ಭಾಷೆ, ಲಿಪಿ, ರಾಜವಂಶ ಎಲ್ಲ ಓದಿದ್ದಾರೆ, ಓದಲೇಬೇಕಾದ್ದು ಅದು. ಕಾಳಿಯ ಕಲ್ಲಿನ ಪಕ್ಕದ ಫಲಕದಲ್ಲಿ ಅವ್ವನ ಪ್ರಶ್ನೆಯನ್ನೂ ಬರೆದಿಡಲಿ. ನೋಡೋಕೆ ಬಂದ ಮಕ್ಕಳು ಅದನ್ನೂ ಓದಿ ಮನೆಗೆ ಹೋಗಲಿ.