ಗಿರಣಿಯ ಗೋಡೆ ಮತ್ತು ದುಡಿಮೆಯ ಸ್ಮೃತಿ: ಪರೇಲ್ ಪರಿಸರದ ಒಂದು ಸಂಗ್ರಹಾಲಯವನ್ನು ಕುರಿತು

ಕೈಗಾರಿಕಾ ಕಟ್ಟಡವೊಂದು ಸಂಗ್ರಹಾಲಯವಾಗಿ ಮಾರ್ಪಡುವಾಗ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬ ಪ್ರಶ್ನೆಯನ್ನು ಮುಂಬಯಿಯ ಪರೇಲ್ ಪರಿಸರದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ. ಮರಾಠಿಗರು 'ಗಿರಣಗಾಂವ್' ಎಂದು ಕರೆದ ಈ ಪ್ರದೇಶದ ಕಾಳಾಚೌಕಿಯಲ್ಲಿರುವ ಇಂಡಿಯಾ ಯುನೈಟೆಡ್ ಮಿಲ್ಸ್‌ನ ೨ ಮತ್ತು ೩ನೆಯ ಘಟಕಗಳ ಆವರಣದಲ್ಲಿ ಜವಳಿ ಸಂಗ್ರಹಾಲಯವನ್ನು ರೂಪಿಸುವ ಯೋಜನೆಯನ್ನು ಮಹಾನಗರಪಾಲಿಕೆಯು ಕೈಗೆತ್ತಿಕೊಂಡಿತು.

ಈ ಯೋಜನೆಯ ಹಿಂದೆ ದೊಡ್ಡದೊಂದು ನಷ್ಟದ ಚರಿತ್ರೆಯಿದೆ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಭಾಗವಹಿಸಿದ್ದರು. ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಭೂಮಿಯ ಮೂರನೆಯ ಒಂದು ಪಾಲು ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ ಸಲ್ಲಬೇಕೆಂಬುದು ೧೯೯೧ರ ನಿಯಮದ ಆಶಯವಾಗಿತ್ತು. ೨೦೦೧ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಖಾಲಿ ಜಾಗಕ್ಕೆ ಸೀಮಿತಗೊಳಿಸಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ ವಾಣಿಜ್ಯ ಸಂಕೀರ್ಣವಾಯಿತು. ಅದರ ಹೊಗೆಕೊಳವೆ ಮಾತ್ರ ಅಲಂಕಾರವಾಗಿ ನಿಂತಿತು. ಆದ್ದರಿಂದ ಸಂಗ್ರಹಾಲಯದ ಪ್ರಶ್ನೆ ಕೇವಲ ವಾಸ್ತುಶಿಲ್ಪದ ಪ್ರಶ್ನೆಯಲ್ಲ.

ಹೊರನಾಡುಗಳಲ್ಲಿ ಇದಕ್ಕೆ ಎರಡು ಮಾದರಿಗಳಿವೆ. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುದಾಗಾರವು ೨೦೦೦ದಲ್ಲಿ ಟೇಟ್ ಮಾಡರ್ನ್ ಕಲಾಲಯವಾದಾಗ ಟರ್ಬೈನುಗಳಿದ್ದ ವಿಶಾಲ ಅಂಗಣವು ಕಲಾಪ್ರದರ್ಶನದ ತಾಣವಾಯಿತು. ಅಮೆರಿಕದ ಲೋವೆಲ್‌ನಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನವಾದರೋ ಹತ್ತಿ ಗಿರಣಿಯ ಮಗ್ಗಗಳನ್ನೇ ಓಡಿಸಿ, ಆ ಕಿವಿಗಡಚಿಕ್ಕುವ ಸದ್ದನ್ನು ನೋಡುಗರ ಅನುಭವಕ್ಕೆ ತಂದಿತು. ಮೊದಲನೆಯದು ಅವಕಾಶವನ್ನು ಉಳಿಸುತ್ತದೆ, ಎರಡನೆಯದು ದುಡಿಮೆಯನ್ನು ನೆನಪಿಸುತ್ತದೆ. ಪರೇಲಿಗೆ ಎರಡನೆಯದೇ ಹೆಚ್ಚು ಸಮೀಪವೆಂದು ತೋರುತ್ತದೆ.

ನಮ್ಮ ಮಧ್ಯಕಾಲೀನ ಪರಂಪರೆಯೂ ಇಲ್ಲಿ ನೆರವಿಗೆ ಬರುತ್ತದೆ. ದೇಗುಲದ ಶಾಸನವು ಬಹುಮಟ್ಟಿಗೆ ದಾನಿಯನ್ನು ಹೊಗಳುತ್ತದೆ. ಊರ ಅಂಚಿನ ವೀರಗಲ್ಲು ತುರುಗಾಳಗದಲ್ಲಿ ಮಡಿದ ಸಾಮಾನ್ಯನನ್ನೂ ನೆನೆಯುತ್ತದೆ. ಗಿರಣಿಯ ಸಂಗ್ರಹಾಲಯವು ಮಾಲೀಕರ ವೈಭವವನ್ನಷ್ಟೇ ಹೇಳಿದರೆ ಅದು ದಾನಶಾಸನವಾದೀತೇ ಹೊರತು ವೀರಗಲ್ಲಾಗದು.

ದುಡಿಮೆಯನ್ನು ಪ್ರದರ್ಶಿಸುವುದು ಅಸಾಧ್ಯವೆಂಬ ಆಕ್ಷೇಪ ಬರಬಹುದು. ಆದರೆ ಆಕರಗಳ ಕೊರತೆಯಿಲ್ಲ. ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಅವರು ಸಂಗ್ರಹಿಸಿದ ಗಿರಣಿ ಕಾರ್ಮಿಕರ ಮೌಖಿಕ ಚರಿತ್ರೆ ೨೦೦೪ರಲ್ಲಿ ಪ್ರಕಟವಾಗಿದೆ. ಮರಾಠಿಯಲ್ಲಿ ನಾರಾಯಣ ಸುರ್ವೆಯವರ ಕಾವ್ಯವಿದೆ. ಕನ್ನಡದಲ್ಲಿ ಮುಂಬಯಿಯ ಕಾರ್ಮಿಕ ಸಂಘರ್ಷವನ್ನು ವಸ್ತುವಾಗಿಸಿಕೊಂಡ, ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾದಂಬರಿಯಿದೆ. ಕಾರ್ಮಿಕರಿಗೆ ಅನ್ನವಿಕ್ಕಿದ ಖಾನಾವಳಿಯ ಮಹಿಳೆಯರು ೧೯೭೫ರಲ್ಲಿ ಕಟ್ಟಿಕೊಂಡ ಅನ್ನಪೂರ್ಣಾ ಮಹಿಳಾ ಮಂಡಲದ ಚರಿತ್ರೆಯೂ ಇದಕ್ಕೆ ಸೇರಬೇಕು.

ಹಾಜರಿ ಪುಸ್ತಕಗಳು, ಚಾಳುಗಳ ನೆನಪುಗಳು, ಬದಲಿ ಕಾರ್ಮಿಕರ ಮಾತುಗಳು ದಿನೇ ದಿನೇ ಕಣ್ಮರೆಯಾಗುತ್ತಿವೆ. ಗೋಡೆಯ ದುರಸ್ತಿಗೆ ಕಾಲಾವಕಾಶವಿರಬಹುದು. ಮುಷ್ಕರದ ಕಾಲದಲ್ಲಿ ಯುವಕರಾಗಿದ್ದವರು ಇಂದು ವೃದ್ಧರು. ಹೊರನಾಡಿನ ಕನ್ನಡ ಸಂಶೋಧಕರು ಮರಾಠಿ ವಿದ್ವಾಂಸರೊಡಗೂಡಿ ಈ ಸಂಗ್ರಹಕಾರ್ಯವನ್ನು ತಡಮಾಡದೆ ಕೈಗೊಳ್ಳುವುದು ಅಗತ್ಯ.